ಡೈರೆಕ್ಟರ್ ಸಾಹೇಬರ ಕಂಪ್ಯೂಟರ್ ಕ್ಲಾಸು

ಅವರು ತೀರಿಕೊಂಡ ಸುದ್ದಿಯನ್ನು ನನಗೆ ತಿಳಿಸಿದವರು ಫೋನಿನಲ್ಲಿ ಅರ್ಧ ನಿಮಿಷ ದುಃಖಪಟ್ಟರು, ಆಮೇಲೆ ಐದು ನಿಮಿಷ ಹೊಗಳಿದರು. ದೆಹಲಿಯ ಕನ್ನಡ ಮಕ್ಕಳಿಗೆ ಮೊಟ್ಟಮೊದಲು ಕಂಪ್ಯೂಟರ್ ಮುಟ್ಟಿಸಿದ ಮಹಾನುಭಾವ ಎಂದರು.

"ನೀವು ಅವರ ಹತ್ರ ಪಾಠ ಹೇಳಿದವರಲ್ವಾ ಮೇಡಂ? ಭಾನುವಾರ ಸಭೆ ಇಟ್ಕೊಂಡಿದೀವಿ. ನಾಲ್ಕು ಮಾತು ನೀವೂ ಆಡ್ಬೇಕು."

ಗಂಟಲು ಸರಿಯಿಲ್ಲ ಎಂದೆ. ಗಂಟಲು ಚೆನ್ನಾಗಿಯೇ ಇತ್ತು. ಸಭೆಯಲ್ಲಿ ಆಡಬಹುದಾದ ನಾಲ್ಕು ಮಾತು ನನ್ನಲ್ಲಿರಲಿಲ್ಲ, ಇದ್ದ ಮಾತುಗಳು ಸಭೆಗೆ ಒಗ್ಗುವಂಥವಾಗಿರಲಿಲ್ಲ. ಮೊದಲಿಗೆ ಆ 'ಮುಟ್ಟಿಸಿದ' ಎನ್ನುವ ಶಬ್ದವೇ ಸುಳ್ಳು. ಅವರು ಮಕ್ಕಳಿಗೆ ಕಂಪ್ಯೂಟರ್ ಮುಟ್ಟಲು ಬಿಡುತ್ತಿರಲಿಲ್ಲ.

ಎರಡು ಸಾವಿರದ ದಶಕದ ಮೊದಲ ವರ್ಷಗಳ ಮಾತು. ನನ್ನ ಗಂಡ ಕೇಂದ್ರ ಸರ್ಕಾರದ ಒಂದು ಇಲಾಖೆಯಲ್ಲಿ ಅಸಿಸ್ಟೆಂಟ್ ಆಗಿದ್ದರು. ದೆಹಲಿಯ ಆರ್.ಕೆ.ಪುರಂನಲ್ಲಿ ಎರಡನೇ ಮಹಡಿಯ ಕ್ವಾರ್ಟರ್ಸು ನಮಗೆ ಸಿಕ್ಕಿತ್ತು. ನಾನು ಹಾಸನದಲ್ಲಿ ಬಿ.ಎಸ್ಸಿ. ಓದಿ, ಮೇಲೊಂದು ಕಂಪ್ಯೂಟರ್ ಡಿಪ್ಲೊಮಾ ಮಾಡಿಕೊಂಡು ಮದುವೆಯಾಗಿ ಬಂದವಳು. ಗಂಡ ಆಫೀಸಿಗೆ ಹೋದ ಮೇಲೆ ಬಾಲ್ಕನಿಯಲ್ಲಿ ನಿಂತು ತರಕಾರಿ ಗಾಡಿಯ ಭಯ್ಯಾನ ಕೂಗಿಗೆ ಕಾಯುವುದೇ ನನ್ನ ದಿನಚರಿಯಾಗಿತ್ತು. ಒಂದು ದಿನ ಸೆಕ್ಟರ್ ಮಾರ್ಕೆಟ್ಟಿನಲ್ಲಿ ಜೆರಾಕ್ಸ್ ಅಂಗಡಿಯ ಮೇಲುಗಡೆ ಹೊಸ ಬೋರ್ಡು ಕಂಡಿತು. ಅದರಲ್ಲಿ 'ಇಂಟರ್‌ನ್ಯಾಶನಲ್' ಎಂಬ ಪದ ಎರಡು ಸಲ ಇತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ, ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ಪ್ರೋಗ್ರಾಮಿಂಗ್ ಕಲಿಸಲಾಗುವುದು ಎಂದು ಬರೆದಿತ್ತು. ಮೆಟ್ಟಿಲು ಹತ್ತಿ ಹೋದೆ.

ಅವರು ಆಗ ಐವತ್ತು ದಾಟಿದ ಮನುಷ್ಯ. ಗಿಡ್ಡ ಆಳು, ನೀಟಾಗಿ ಬಾಚಿದ ಎಣ್ಣೆತಲೆ, ಮೇ ತಿಂಗಳಲ್ಲೂ ಟೈ. ತುಮಕೂರಿನ ಕಡೆಯವರು. ನನ್ನನ್ನು ಕೆಲಸಕ್ಕೆ ತೆಗೆದುಕೊಳ್ಳುವ ಮುಂಚೆ ಎರಡೇ ಪ್ರಶ್ನೆ ಕೇಳಿದರು.

"ಕನ್ನಡದೋರಾ?"

"ಹೌದು ಸರ್."

"ದಿನಾ ಸೀರೆ ಉಡ್ತೀರಾ? ಸೀರೆ ಉಟ್ರೆ ಪೇರೆಂಟ್ಸಿಗೆ ಭರವಸೆ ಬರುತ್ತೆ."

ನನ್ನ ಡಿಪ್ಲೊಮಾ ಸರ್ಟಿಫಿಕೇಟಿನ ಕವರನ್ನು ಅವರು ತೆರೆಯಲೂ ಇಲ್ಲ. ನಾಳೆಯಿಂದ ನಾಲ್ಕು ಗಂಟೆಗೆ ಬನ್ನಿ, ನನ್ನನ್ನು ಡೈರೆಕ್ಟರ್ ಸರ್ ಅನ್ನಬೇಕು, ಮಕ್ಕಳು ನಿಮ್ಮನ್ನು ಮೇಡಂ ಅನ್ನಬೇಕು, ಆಂಟಿ ಅನ್ನಕೂಡದು ಎಂದರು. ಆ 'ಮೇಡಂ' ಎಂಬ ಪದಕ್ಕೆ ನಾನು ಬಿದ್ದೆ. ಅದುವರೆಗೆ ಆ ಊರಿನಲ್ಲಿ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. ಮುಂದೆ ನಾನು ನುಂಗಿದ್ದೆಲ್ಲವನ್ನೂ ಆ ಒಂದು ಪದಕ್ಕಾಗಿ ನುಂಗಿದೆ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಕೋಣೆಯಲ್ಲಿ ಎಂಟು ಕಂಪ್ಯೂಟರುಗಳಿದ್ದವು. ಐದು ನಡೆಯುತ್ತಿದ್ದವು, ಮೂರು ಸುಮ್ಮನೆ ಕೂತಿದ್ದವು. ಎಂಟಕ್ಕೂ ಹೂವಿನ ಚಿತ್ತಾರದ ಬಟ್ಟೆಯ ಹೊದಿಕೆ ಹೊಲಿಸಿದ್ದರು. ಕರೆಂಟು ಹೋದಾಗ ನಡೆಸಬೇಕಾದ ಯುಪಿಎಸ್ ಎಂಬ ಪೆಟ್ಟಿಗೆಗಳು ಮೇಜಿನ ಕೆಳಗಿದ್ದವು, ಅವು ಕಾಲಿಡಲಿಕ್ಕೆ ಮಾತ್ರ. ಗೋಡೆಯ ಮೇಲೆ ಅವರು ಒಬ್ಬ ಬಿಳಿಯನ ಕೈ ಕುಲುಕುತ್ತಿದ್ದ ಫೋಟೋ, ಚೌಕಟ್ಟು ಹಾಕಿಸಿದ್ದು. "ಇವರು ಯಾರು ಸರ್?" ಎಂದು ಒಮ್ಮೆ ಕೇಳಿದೆ. "ಕಂಪ್ಯೂಟರ್ ಫೀಲ್ಡಿನೋರು," ಎಂದರು. ಆತ ಪ್ರಗತಿ ಮೈದಾನದ ಮೇಳದಲ್ಲಿ ಪ್ರಿಂಟರ್ ಮಾರಲು ಬಂದಿದ್ದವನೆಂದು ಫೋಟೋದ ಹಿಂದಿದ್ದ ಮಳಿಗೆಯೇ ಹೇಳುತ್ತಿತ್ತು.

ಮಕ್ಕಳು ಚಪ್ಪಲಿ, ಶೂ ಎಲ್ಲ ಹೊರಗೆ ಬಿಟ್ಟು, ಕೈ ತೊಳೆದು, ಕಾಲೊರೆಸಿ ಒಳಗೆ ಬರಬೇಕು. ಬಂದವರು ನೆಲದ ಮೇಲೆ ಸಾಲಾಗಿ ಕೂತು ನೋಟ್‌ಬುಕ್ ತೆಗೆಯಬೇಕು. ಕಂಪ್ಯೂಟರ್ ಎಂದರೇನು, ಅದರ ಅಂಗಗಳು ಯಾವುವು, ಯಾವ ಸಂಕ್ಷಿಪ್ತ ಪದದ ಪೂರ್ಣ ರೂಪ ಏನು, ಇವನ್ನು ಬೋರ್ಡಿನಿಂದ ಬರೆದುಕೊಂಡು ಒಟ್ಟಾಗಿ ಕೂಗಬೇಕು. ಹಳೇ ಟಿವಿ ಆಂಟೆನಾದ ಕಡ್ಡಿಯೊಂದನ್ನು ಹಿಡಿದು ಅವರು ತಾಳ ಹಾಕುತ್ತಿದ್ದರು. ಒಂದು ಗಂಟೆಯ ತರಗತಿಯಲ್ಲಿ ಐವತ್ತು ನಿಮಿಷ ಇದೇ ನಡೆಯುತ್ತಿತ್ತು. ಕೊನೆಯ ಹತ್ತು ನಿಮಿಷ ಹೊದಿಕೆ ತೆಗೆಯುತ್ತಿದ್ದರು, ಅದೂ ಅಕ್ಷರ ದುಂಡಾಗಿದ್ದವರಿಗೆ ಮಾತ್ರ. ಪರೀಕ್ಷೆಯಲ್ಲಿ ಮೌಸಿನ ಚಿತ್ರ ಬರೆದು ಭಾಗಗಳನ್ನು ಗುರುತಿಸಬೇಕಿತ್ತು. ಒಬ್ಬ ಹುಡುಗ ಬಾಲದ ಜೊತೆಗೆ ಮೀಸೆಯನ್ನೂ ಬರೆದು ಅರ್ಧ ಅಂಕ ಕಳೆದುಕೊಂಡ.

ತಂದೆತಾಯಿಗಳು ವಿಚಾರಿಸಲು ಬಂದರೆ ಡೈರೆಕ್ಟರ್ ಸರ್ ದನಿಯೇ ಬದಲಾಗುತ್ತಿತ್ತು. ತುಮಕೂರಿನ ಹಿಂದಿಯಲ್ಲಿ, "ಬೇಸಿಕ್, ಲೋಗೋ, ಸಿ, ಸಿ ಪ್ಲಸ್ ಪ್ಲಸ್, ಜಾವಾ, ಸಬ್ ಹೈ ಜೀ, ಸಬ್ ಮಿಲೇಗಾ," ಎನ್ನುತ್ತಿದ್ದರು. ಕೆಳಗಿನ ಬೀದಿಯಲ್ಲಿ ಆಲೂ, ಪ್ಯಾಜ್, ಗೋಬಿ ಎಂದು ಕೂಗುವವನಿಗೆ ತನ್ನ ಗಾಡಿಯಲ್ಲಿ ಏನಿದೆ ಎಂದಾದರೂ ಗೊತ್ತಿರುತ್ತಿತ್ತು. ಇವರ ಗಾಡಿಯಲ್ಲಿದ್ದದ್ದು ಲೋಗೋ ಒಂದೇ. ಪರದೆಯ ಮೇಲೆ ಒಂದು ಪುಟ್ಟ ತ್ರಿಕೋನ ಇರುತ್ತದೆ, ಅದನ್ನು ಆಮೆ ಎನ್ನುತ್ತಾರೆ. ಇಷ್ಟು ಹೆಜ್ಜೆ ಮುಂದೆ ಹೋಗು, ಇಷ್ಟು ಬಲಕ್ಕೆ ತಿರುಗು ಎಂದು ನಾವು ಬರೆದರೆ ಅದು ಹಾಗೇ ನಡೆದು ಹಿಂದೆ ಗೆರೆ ಬಿಡುತ್ತದೆ. ಅದನ್ನು ಕಲಿಸುತ್ತಿದ್ದವಳು ನಾನು.

ಒಂದು ಸಲ ಧೈರ್ಯ ಮಾಡಿ ಹೇಳಿದೆ. "ಸರ್, ಮಕ್ಕಳಿಗೆ ಕೂಗೋದು ಬಿಟ್ರೆ ಏನೂ ಅರ್ಥ ಆಗ್ತಿಲ್ಲ."

"ಮಕ್ಕಳಿಗೆ ಯಾಕಮ್ಮಾ ಅರ್ಥ ಆಗ್ಬೇಕು? ಅಪ್ಪ ಅಮ್ಮಂಗೆ ಕಾಣಿಸ್ಬೇಕು." ಇದನ್ನು ಅವರು ತಮಾಷೆಗೆ ಹೇಳಲಿಲ್ಲ. ನನ್ನ ಹಿತಕ್ಕಾಗಿ, ದೊಡ್ಡವರು ಚಿಕ್ಕವರಿಗೆ ಬುದ್ಧಿ ಹೇಳುವ ಹಾಗೆ ಹೇಳಿದರು.

ಅವರ ಇನ್ನೊಂದು ಪದ 'ವೈರಸ್'. ಮೌಸ್ ಓಡದಿದ್ದರೆ ವೈರಸ್, ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ವೈರಸ್. ಬೇಸಿಗೆಯಲ್ಲಿ ಕೂಲರಿನ ನೀರು ಸೋರಿ ನೆಲ ಒದ್ದೆಯಾದಾಗಲೂ ಒಬ್ಬ ತಾಯಿಯ ಮುಂದೆ ವೈರಸ್ ಎಂದೇ ಅಂದದ್ದನ್ನೂ, ಆಕೆ ಸೆರಗಿನಿಂದ ಮಗುವಿನ ಮೂಗು ಮುಚ್ಚಿದ್ದನ್ನೂ ನಾನು ಕಣ್ಣಾರೆ ಕಂಡಿದ್ದೇನೆ.

ಈ ಗದ್ದಲದ ನಡುವೆ ದೇಚಮ್ಮ ಎಂಬ ಹುಡುಗಿ ಬಂದಳು. ಕೊಡಗಿನವಳು, ಹತ್ತು ವರ್ಷ. ಅಪ್ಪ ಸೈನ್ಯದಲ್ಲಿ ಸುಬೇದಾರರು. ಮನೆ ಕಂಟೋನ್ಮೆಂಟಿನಲ್ಲಿ. ಅಪ್ಪನ ಸ್ಕೂಟರಿನ ಹಿಂದೆ ಕೂತು ಬರುತ್ತಿದ್ದಳು. ಅವಳ ಅಕ್ಷರ ಕೋಳಿ ಕೆದರಿದ ಹಾಗಿತ್ತು, ಹಾಗಾಗಿ ಮೊದಲ ಎರಡು ತಿಂಗಳು ಅವಳಿಗೆ ಕಂಪ್ಯೂಟರ್ ಸಿಗಲೇ ಇಲ್ಲ. ಆಮೇಲೊಂದು ದಿನ ಡೈರೆಕ್ಟರ್ ಸರ್ ಬ್ಯಾಂಕಿಗೆ ಹೋಗಿದ್ದಾಗ ನಾನೇ ಅವಳನ್ನು ಒಂದರ ಮುಂದೆ ಕೂರಿಸಿದೆ.

ಚೌಕ ಬರೆಯುವುದನ್ನು ಒಮ್ಮೆ ತೋರಿಸಿದ್ದೇ ತಡ, "ಮ್ಯಾಮ್, ಯೆ ಜೋ ಟರ್ಟಲ್ ಹೈ, ಅವನಿಗೆ ರೈಟ್ ಅಂದ್ರೆ ಅವನ ರೈಟಾ, ನನ್ ರೈಟಾ?" ಎಂದಳು.

ನಾನು ಸೇರಿದ ಮೇಲೆ ಆ ಕೋಣೆಯಲ್ಲಿ ಒಂದು ಮಗು ಕೇಳಿದ ನಿಜವಾದ ಮೊದಲ ಪ್ರಶ್ನೆ ಅದು. ನಾನು ಅವಳನ್ನು ಎಬ್ಬಿಸಿ, "ನೀನೇ ಆಮೆ, ನಡಿ ನೋಡೋಣ," ಎಂದೆ. ಅವಳು ನೆಲದ ಮೇಲೆ ಹೆಜ್ಜೆ ಎಣಿಸಿ ನಡೆದಳು, ಅಪ್ಪನಿಂದ ಕಲಿತಿದ್ದ ಸೈನ್ಯದ ಶಿಸ್ತಿನಲ್ಲಿ ಹಿಮ್ಮಡಿಯ ಮೇಲೆ ತಿರುಗಿದಳು. ಉಳಿದ ಮಕ್ಕಳೂ ನಾನು ಆಮೆ, ನಾನು ಆಮೆ ಎಂದು ಎದ್ದರು. ಕೋಣೆ ತುಂಬ ಆಮೆಗಳು ಡಿಕ್ಕಿ ಹೊಡೆದುಕೊಂಡು ನಗುತ್ತಿರುವಾಗ ಬಾಗಿಲಲ್ಲಿ ಡೈರೆಕ್ಟರ್ ಸರ್ ನಿಂತಿದ್ದರು.

"ಇದೇನು ಕಂಪ್ಯೂಟರ್ ಕ್ಲಾಸೋ, ಭರತನಾಟ್ಯದ ಕ್ಲಾಸೋ?" ಮಕ್ಕಳ ಮುಂದೆ ಬೈಯುವಾಗ ಮಾತ್ರ ಅವರು ಅಪ್ಪಟ ಕನ್ನಡಕ್ಕೆ ಇಳಿಯುತ್ತಿದ್ದರು.

ಆದರೂ ಅವರು ಹೊರಗೆ ಹೋದಾಗಲೆಲ್ಲ ದೇಚಮ್ಮ ಕೂತಳು. ಅವಳಿಗೆ ಒಂದು ಪರೇಡ್ ಬರೆಯಬೇಕಿತ್ತು. ಜನವರಿಯ ಚಳಿಯಲ್ಲಿ ಅವಳಪ್ಪ ನಸುಕಿಗೆ ಎದ್ದು ಗಣರಾಜ್ಯೋತ್ಸವದ ತಾಲೀಮಿಗೆ ಹೋಗುತ್ತಿದ್ದರಂತೆ. ಅದನ್ನು ಪರದೆಯ ಮೇಲೆ ತರಬೇಕು. ಪುಟ್ಟ ಪುಟ್ಟ ತ್ರಿಕೋನಗಳ ಸೈನಿಕರು, ಸಾಲಿಗೆ ಆರು ಜನ, ಆರು ಸಾಲು, ಎಲ್ಲರ ಮುಖವೂ ಒಂದೇ ಕಡೆಗೆ. ವಾರಗಟ್ಟಲೆ ಬರೆದಳು. ಒಬ್ಬ ಸೈನಿಕನನ್ನು ಬರೆಯುವುದು ಕಲಿತಳು. ಅದಕ್ಕೊಂದು ಹೆಸರಿಟ್ಟು ಆರು ಸಲ ಕರೆಯುವುದು ಕಲಿತಳು. ಹೀಗೆ ಸಾಲುಗಳು ಎದ್ದು ನಿಂತವು. ಆದರೆ ಕೊನೆಯ ಸಾಲಿನ ಕೊನೆಯ ಸೈನಿಕ ಮಾತ್ರ ಯಾವಾಗಲೂ ಉಲ್ಟಾ ನಿಲ್ಲುತ್ತಿದ್ದ. ಎಲ್ಲರೂ ಮುಂದೆ ನೋಡಿದರೆ ಅವನು ಹಿಂದೆ ನೋಡುತ್ತಿದ್ದ.

"ಇವನ್ಯಾಕೆ ಮಾತು ಕೇಳಲ್ಲ ಮ್ಯಾಮ್?"

"ಅವನು ಕೇಳ್ತಾನೆ. ನೀನು ಏನು ಹೇಳಿದೀಯೋ ಅದನ್ನೇ ಮಾಡ್ತಾನೆ. ಏನು ಹೇಳಿದೀಯ ಅಂತ ನೀನೇ ಹುಡುಕು."

ನನಗೆ ತಪ್ಪು ಎಲ್ಲಿದೆ ಎಂದು ಗೊತ್ತಿತ್ತು. ಹೇಳಲಿಲ್ಲ, ಅದು ಅವಳ ಹಕ್ಕು. ನಾನು ಆ ಕೆಲಸದಲ್ಲಿ ಸರಿಯಾಗಿ ಮಾಡಿದ್ದು ಅದೊಂದೇ ಇರಬೇಕು.

ಅಷ್ಟರಲ್ಲಿ ವಾರ್ಷಿಕೋತ್ಸವ ಬಂತು. ಮುಖ್ಯ ಅತಿಥಿ ನಿವೃತ್ತ ಬ್ರಿಗೇಡಿಯರ್ ಒಬ್ಬರು. ತಂದೆತಾಯಿಗಳ ಎದುರು ಪ್ರತಿ ಮಗುವೂ ತಾನು ಬರೆದ ಪ್ರೋಗ್ರಾಮನ್ನು ಓಡಿಸಿ ತೋರಿಸಬೇಕು. ದೇಚಮ್ಮನನ್ನು ಬಿಟ್ಟರೆ ಮಕ್ಕಳು ಏನೂ ಬರೆದಿರಲಿಲ್ಲ. ಡೈರೆಕ್ಟರ್ ಸರ್ ಕಂಪ್ಯೂಟರ್ ಅಂಗಡಿಗಳಿರುವ ನೆಹರೂ ಪ್ಲೇಸಿಗೆ ಹೋಗಿ ಒಂದು ಸಿಡಿ ತಂದರು. ಅದರಲ್ಲಿ ಹಾರುವ ರಾಕೆಟ್, ಪಟಪಟಿಸುವ ಬಾವುಟ, ಅರಳುವ ಕಮಲ, ಎಲ್ಲ ಸಿದ್ಧವಾಗಿದ್ದವು. ಒಂದೊಂದಕ್ಕೆ ಒಂದೊಂದು ಮಗುವಿನ ಹೆಸರು ಹಾಕಿಸಿದರು. ಮಗು ಬಂದು ಒಂದು ಕೀಲಿ ಒತ್ತಿ, ತಿರುಗಿ ನಮಸ್ಕಾರ ಮಾಡಿದರೆ ಸಾಕು. ನಮಸ್ಕಾರವನ್ನು ಎರಡು ದಿನ ಅಭ್ಯಾಸ ಮಾಡಿಸಿದರು.

ಹಿಂದಿನ ದಿನ ಎಲ್ಲವನ್ನೂ ಪರೀಕ್ಷಿಸುತ್ತ ಬಂದವರು ದೇಚಮ್ಮನ ಪರೇಡಿನ ಮುಂದೆ ನಿಂತರು.

"ಇದೇನು?"

"ದೇಚಮ್ಮಂದು ಸರ್. ಅವಳೇ ಬರೆದದ್ದು."

"ಒಬ್ಬ ಹಿಂದುಮುಂದು ನಿಂತಿದಾನೆ."

"ನಾಳೆ ಬಂದು ಸರಿ ಮಾಡ್ತೀನಿ ಅಂದಿದಾಳೆ."

"ಬ್ರಿಗೇಡಿಯರ್ ಸಾಹೇಬ್ರ ಮುಂದೆ ಉಲ್ಟಾ ಸಿಪಾಯಿ ನಿಲ್ಲಿಸ್ತೀರಾ? ತೆಗೆದ್ಹಾಕಿ. ರಾಕೆಟ್ ಒಂದು ಉಳಿದಿದೆಯಲ್ಲ, ಅದನ್ನ ಹಾಕಿ."

"ಸರ್, ಇಡೀ ಕ್ಲಾಸಲ್ಲಿ ಮಗು ಬರೆದದ್ದು ಅಂತ ಇರೋದು ಇದೊಂದೇ."

"ಅದೇ ತೊಂದ್ರೆ," ಎಂದರು ಅವರು. "ನೋಡಿದ್ರೆ ಮಗು ಬರೆದ ಹಾಗೇ ಇದೆ."

ಆಂಟೆನಾ ಕಡ್ಡಿ ಹಿಡಿದು ನನ್ನ ಪಕ್ಕದಲ್ಲೇ ನಿಂತರು. ನಾನು ಅಳಿಸಿದೆ. ಬೇರೆ ಕಡೆ ಒಂದು ಪ್ರತಿ ಇಟ್ಟುಕೊಳ್ಳುವಷ್ಟು ಬುದ್ಧಿಯೂ ಧೈರ್ಯವೂ ಆ ಗಳಿಗೆಯಲ್ಲಿ ನನಗೆ ಬರಲಿಲ್ಲ.

ಮರುದಿನ ಕೋಣೆ ತುಂಬಿತ್ತು. ಕುರ್ಚಿ ಸಾಲದೆ ಅಪ್ಪಂದಿರು ಗೋಡೆಗೊರಗಿ ನಿಂತಿದ್ದರು. ಯೂನಿಫಾರಂ ಇಲ್ಲದಿದ್ದರೂ ಸುಬೇದಾರರು ನೆಟ್ಟಗೆ ನಿಂತಿದ್ದ ರೀತಿಯಿಂದಲೇ ಗುರುತು ಸಿಗುತ್ತಿದ್ದರು. ಮಕ್ಕಳು ಬಂದರು, ಒತ್ತಿದರು, ನಮಸ್ಕರಿಸಿದರು. ಬಾವುಟ ಹಾರಿತು, ಕಮಲ ಅರಳಿತು, ಚಪ್ಪಾಳೆಯಾಯಿತು. ದೇಚಮ್ಮ ಶಾಲೆಯಿಂದ ನೇರ ಓಡಿ ಬಂದಿದ್ದಳು, ಸರಿ ಮಾಡಲು ಸಮಯವೇ ಕೊಡಲಿಲ್ಲವೆಂದು ಮುಖ ಊದಿಸಿಕೊಂಡೇ ಮುಂದೆ ಹೋದಳು. ಒತ್ತಿದಳು. ಕೆಂಪು ರಾಕೆಟ್ಟೊಂದು ಹೊಗೆ ಬಿಡುತ್ತ ಮೇಲೇರಿತು.

ಅವಳು ನಮಸ್ಕಾರ ಮಾಡಲಿಲ್ಲ.

"ಬಹುತ್ ಅಚ್ಛೇ ಬೇಟಾ! ಕ್ಯಾ ರಾಕೆಟ್ ಬನಾಯಾ ಹೈ!" ಎಂದರು ಬ್ರಿಗೇಡಿಯರ್.

"ಸರ್, ಯೆ ಮೇರಾ ನಹೀಂ ಹೈ," ಎಂದಳು ದೇಚಮ್ಮ. "ಮೇರಾ ಪರೇಡ್ ಥಾ."

ಡೈರೆಕ್ಟರ್ ಸರ್ ಹಹ್ಹಾ ಎಂದು ನಕ್ಕು, "ಬಹುತ್ ಮಾಡೆಸ್ಟ್ ಬಚ್ಚಾ ಹೈ ಸರ್," ಎಂದರು. ಅವಳು ಅವರತ್ತ ನೋಡಲೇ ಇಲ್ಲ. ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಮ್ಯಾಮ್, ನಂದೆಲ್ಲಿ?" ಎಂದಳು.

ನಾನು ಬಾಯಿ ತೆರೆಯುವ ಮುಂಚೆ ದೀಪ ಹೋಯಿತು. ಪರದೆಗಳು ಕಪ್ಪಾದವು, ಫ್ಯಾನು ನಿಧಾನವಾಯಿತು.

"ಲೈಟ್ ಚಲಾ ಗಯಾ!" ಬೀರುವಿನ ಮರೆಯಿಂದ ಡೈರೆಕ್ಟರ್ ಸರ್ ಕೈ ಒರೆಸಿಕೊಳ್ಳುತ್ತ ಈಚೆ ಬಂದರು. "ಕ್ಯಾ ಕರೇಂ ಸರ್, ದಿಲ್ಲಿ ಕಾ ಯಹೀ ಹಾಲ್ ಹೈ. ಚಲಿಯೇ, ಚಾಯ್ ಲೇತೇ ಹೈ."

ದಿಲ್ಲಿಯಲ್ಲಿ ಕರೆಂಟು ಹೋಗುವುದು ಹೊಸದೇ? ಎಲ್ಲರೂ ನಂಬಲು ತಯಾರಿದ್ದರು. ಆದರೆ ಫ್ಯಾನಿನ ಸದ್ದು ನಿಂತದ್ದರಿಂದ ಇನ್ನೊಂದು ಸದ್ದು ಚೆನ್ನಾಗಿ ಕೇಳತೊಡಗಿತು. ಕೆಳಗಿನ ಅಂಗಡಿಯಲ್ಲಿ ಜೆರಾಕ್ಸ್ ಮಷೀನು ಘರ್ರ್, ಟಕ್, ಘರ್ರ್, ಟಕ್ ಎಂದು ಒಂದರ ಮೇಲೊಂದು ಪ್ರತಿ ತೆಗೆಯುತ್ತಿತ್ತು. ಬ್ರಿಗೇಡಿಯರ್ ಆದಿಯಾಗಿ ಎಲ್ಲರೂ ಅದನ್ನು ಕೇಳುತ್ತ ಕೂತೆವು. ಅತಿಥಿಗೆ ಮುಜುಗರವಾದೀತೆಂದು ಅಪ್ಪಂದಿರು ನೆಲ ನೋಡಿದರು.

ಸುಬೇದಾರರು ಗೋಡೆ ಬಿಟ್ಟು ಹೊರಟರು. ಬ್ರಿಗೇಡಿಯರ್ ಮುಂದೆ ಹಾಯುವಾಗ ಒಂದು ಕ್ಷಣ ನಿಂತು, ಮೈ ಸೆಟೆಸಿ, ಮುಂದೆ ನಡೆದು, ಬೀರುವಿನ ಹಿಂದೆ ಕೈ ಹಾಕಿ ಮೇನ್ ಸ್ವಿಚ್ಚನ್ನು ಮೇಲಕ್ಕೆತ್ತಿದರು. ದೀಪ ಹತ್ತಿತು.

"ಬಂತು ಸರ್," ಎಂದರು.

ಬೇರೆ ಯಾರಾದರೂ ಆಗಿದ್ದರೆ ಆ ಜಾಗದಲ್ಲಿ ನಾಚಿಕೆಯಿಂದ ಕುಸಿಯುತ್ತಿದ್ದರು. ಡೈರೆಕ್ಟರ್ ಸರ್ ಚಪ್ಪಾಳೆ ತಟ್ಟಿದರು! "ಆ ಗಯಾ, ಆ ಗಯಾ!" ಎಂದರು. ಅವರು ತಟ್ಟಿದ್ದಕ್ಕೆ ನಾಲ್ಕು ಜನ ತಟ್ಟಿದರು, ನಾಲ್ಕು ಜನರನ್ನು ನೋಡಿ ಎಲ್ಲರೂ ತಟ್ಟಿದರು. ಹಾಗೆ ಆ ದಿನದ ಅತಿ ದೊಡ್ಡ ಚಪ್ಪಾಳೆ ಕರೆಂಟಿಗೆ ಬಿತ್ತು.

ಸುಬೇದಾರರು ಮಾತ್ರ ನಮ್ಮಿಬ್ಬರ ಬಳಿ ಬಂದು ತಗ್ಗಿದ ದನಿಯಲ್ಲಿ ಕೇಳಿದರು. "ಮಗಳು ಬರ್ದಿದ್ದು ಎಲ್ಲಿ ಹೋಯ್ತು ಸರ್?"

"ವೈರಸ್."

"ವೈರಸ್ಸಾ ಮೇಡಂ?" ಅವರು ನನ್ನನ್ನು ಕೇಳಿದರು. ಆ ಮನುಷ್ಯನ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ನಾನು ಹೌದೆಂದರೆ ನಂಬಲು ಅವರು ಸಿದ್ಧರಿದ್ದರು.

"ಇರಬಹುದು," ಎಂದೆ.

ಅವರು ಮಗಳ ಶೂ ಹುಡುಕಿ, ಲೇಸು ಕಟ್ಟಿ, ಕರೆದುಕೊಂಡು ಹೋದರು. ಮತ್ತೆ ಬರಲಿಲ್ಲ.

ಇದರಿಂದ ಕ್ಲಾಸಿಗೇನಾದರೂ ಪೆಟ್ಟು ಬಿತ್ತೇ ಎಂದರೆ, ಇಲ್ಲ. ಬ್ರಿಗೇಡಿಯರ್ ಜೊತೆಗಿನ ಫೋಟೋ ಬಿಳಿಯನ ಫೋಟೋದ ಪಕ್ಕ ಏರಿತು. ಹೊಸ ಮಕ್ಕಳು ಬಂದರು. ರಾಕೆಟ್ಟಿನ ಸುದ್ದಿ ಸೆಕ್ಟರಿನಿಂದ ಸೆಕ್ಟರಿಗೆ ಹಬ್ಬಿತು. ಮುಂದೆ ಅವರು ನೋಯ್ಡಾದಲ್ಲಿ ಎರಡು ಶಾಖೆ ತೆರೆದರು, ಅಲ್ಲೇ ಫ್ಲ್ಯಾಟು ಮಾಡಿದರು. ಬೋರ್ಡಿನಲ್ಲಿ 'ಇಂಟರ್‌ನ್ಯಾಶನಲ್' ಮೂರು ಸಲವಾಯಿತು ಎಂದು ನೋಡಿದವರು ಹೇಳಿದರು. ಸುಳ್ಳಿಗೆ ಶಿಕ್ಷೆಯಾಗುತ್ತದೆಂದು ಕಾಯುವವರು ನೋಯ್ಡಾಕ್ಕೆ ಒಮ್ಮೆ ಹೋಗಿ ಬರಬೇಕು.

ನಾನೂ ಕೆಲಸ ಬಿಡಲಿಲ್ಲ. ಮೂರು ತಿಂಗಳು ಅದೇ ಸೀರೆ, ಅದೇ ನಾಲ್ಕು ಗಂಟೆ. ಕೊನೆಗೊಂದು ಮಧ್ಯಾಹ್ನ, ಮನಸ್ಸು ತಡೆಯದೆ, ಆಟೋ ಹಿಡಿದು ಕಂಟೋನ್ಮೆಂಟಿಗೆ ಹೋದೆ. ಸುಬೇದಾರರ ಹೆಂಡತಿ ಬಾಗಿಲು ತೆರೆದರು. ಗಂಡ ಡ್ಯೂಟಿಯಲ್ಲಿದ್ದರು. "ಬನ್ನಿ ಬನ್ನಿ," ಎಂದು ಕೂರಿಸಿ ಊರಿನ ಕಾಫಿಪುಡಿಯ ಕಾಫಿ ಕೊಟ್ಟರು. ಅವರು ನನ್ನನ್ನು ಅಷ್ಟು ಆದರದಿಂದ ನೋಡಿಕೊಂಡದ್ದೇ ನನಗೆ ಕಷ್ಟವಾಯಿತು.

ದೇಚಮ್ಮ ಶಾಲೆಯ ಯೂನಿಫಾರಂನಲ್ಲೇ ಇದ್ದಳು. ಅವಳ ತಾಯಿಯ ಎದುರಿಗೇ ಹೇಳಿದೆ. "ವೈರಸ್ ಅಲ್ಲ ದೇಚಮ್ಮ. ನಿನ್ನ ಪರೇಡನ್ನ ಅಳಿಸಿದ್ದು ನಾನು. ಸರ್ ಹೇಳಿದ್ರು, ನಾನು ಅಳಿಸಿದೆ."

ತಾಯಿ ಲೋಟ ಎತ್ತಿಕೊಂಡು ಒಳಗೆ ಹೋದರು.

"ಮುಝೇ ಪತಾ ಥಾ," ಎಂದಳು ಹುಡುಗಿ. "ಪಪ್ಪಂಗೂ ಗೊತ್ತಿತ್ತು." ಆಮೇಲೆ ಚೀಲದಿಂದ ನೋಟ್‌ಬುಕ್ ತೆಗೆದು ತೋರಿಸಿದಳು. ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಇಡೀ ಪರೇಡನ್ನು ನೆನಪಿನಿಂದ ಕೋಳಿಕಾಲಿನ ಅಕ್ಷರದಲ್ಲಿ ಬರೆದಿಟ್ಟಿದ್ದಳು. "ಅವನು ಯಾಕೆ ಉಲ್ಟಾ ನಿಲ್ತಿದ್ದ ಅಂತ ಸಿಕ್ತು ಮ್ಯಾಮ್. ಕೊನೇ ಸಾಲಲ್ಲಿ ಐದನೆಯವನಾದ್ಮೇಲೆ ಬರೆದದ್ದನ್ನ ನಾನು ಬೇರೆ ಥರ ಬರ್ದಿದ್ದೆ. ಅಲ್ಲಿ ಒಂದು ಟರ್ನ್ ಎಕ್ಸ್‌ಟ್ರಾ ಇತ್ತು. ಇಲ್ಲೇ ನಡೆದು ನೋಡ್ದೆ." ಅವಳು ಬೆರಳು ತೋರಿಸಿದ್ದು ಮನೆಯ ನೆಲಕ್ಕೆ.

ನೋಡಿದೆ. ಸರಿಯಾಗಿತ್ತು. ಸರಿಯಾಗಿದೆ ಎಂದೆ.

"ಮ್ಯಾಮ್, ನೀವು ಇನ್ನೂ ಅಲ್ಲೇ ಕಲಿಸ್ತೀರಾ?"

"ಹೂಂ."

"ಅಚ್ಛಾ," ಎಂದಳು. ಅಷ್ಟೇ. ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿ ಝಿಪ್ ಎಳೆದಳು.

ಮಾರನೆಯ ದಿನ, ಮಧ್ಯಾಹ್ನ ಎರಡಕ್ಕೆ, ಕ್ಲಾಸಿನ ಬೀಗದ ಕೈ ಹಿಂದಿರುಗಿಸಲು ಹೋದೆ. ಆ ಹೊತ್ತಿಗೆ ಯಾರೂ ಇರುವುದಿಲ್ಲ, ಮೇಜಿನ ಮೇಲೆ ಕೀಲಿಯನ್ನೂ ಒಂದು ಚೀಟಿಯನ್ನೂ ಇಟ್ಟು ಬಂದುಬಿಡಬೇಕೆಂದು ನನ್ನ ಲೆಕ್ಕ. ಆದರೆ ಬಾಗಿಲು ತೆರೆದಿತ್ತು. ಒಳಗೆ ಡೈರೆಕ್ಟರ್ ಸರ್ ಒಬ್ಬರೇ, ಟೈ ಸಡಿಲಿಸಿಕೊಂಡು, ಒಂದು ಕಂಪ್ಯೂಟರಿನ ಮುಂದೆ ಕೂತಿದ್ದರು. ಪಕ್ಕದಲ್ಲಿ ಮೂರನೇ ತರಗತಿಯ ಪುಸ್ತಕ, ಚೌಕ ಬರೆಯುವ ಪಾಠಕ್ಕೆ ತೆರೆದಿತ್ತು.

ಕ್ಲಾಸು ತೆರೆಯುವ ಮುಂಚೆ ಅವರು ಮಂತ್ರಾಲಯವೊಂದರಲ್ಲಿ ಸ್ಟೆನೋ ಆಗಿದ್ದವರು, ಇಪ್ಪತ್ತು ವರ್ಷ. ಅದೊಂದು ವಿಷಯದಲ್ಲಿ ಅವರಿಗೆ ನ್ಯಾಯ ಸಲ್ಲಿಸಬೇಕು. ಅವರ ಬೆರಳುಗಳು ಕೀಬೋರ್ಡಿನ ಮೇಲೆ ಓಡುವುದನ್ನು ಅಂದು ಮೊದಲ ಬಾರಿ ಬಾಗಿಲಲ್ಲಿ ನಿಂತು ನೋಡಿದೆ. ಕೀಲಿಗಳತ್ತ ಕಣ್ಣು ಹಾಯಿಸದೆ, ಬೆನ್ನು ನೆಟ್ಟಗಿಟ್ಟು, ಮಳೆ ಬಿದ್ದಂತೆ ಬಡಿಯುತ್ತಿದ್ದರು. ನನ್ನ ಜೀವಮಾನದಲ್ಲಿ ಅಷ್ಟು ಚೆಂದದ ಟೈಪಿಂಗ್ ನೋಡಿಲ್ಲ. ಸ್ಟೆನೋ ಆದವರು ವಿರಾಮಚಿಹ್ನೆ ಬಿಡುವುದುಂಟೇ? ನೂರು ಹೆಜ್ಜೆ ಮುಂದೆ, ಅಲ್ಪವಿರಾಮ, ತೊಂಬತ್ತು ಡಿಗ್ರಿ ಬಲಕ್ಕೆ, ಅಲ್ಪವಿರಾಮ, ಎಂದು ಶುದ್ಧವಾದ ವಾಕ್ಯದ ಹಾಗೆ ಬಡಿದು, ಕೊನೆಯ ಕೀಲಿ ಒತ್ತುತ್ತಿದ್ದರು. ಆ ಅಲ್ಪವಿರಾಮ ಲೋಗೋಗೆ ಬೇಕಿಲ್ಲ. ಅದು ಇರುವ ತನಕ ಆಮೆ ಕದಲುವುದಿಲ್ಲ. 'ಮುಂದೆ ಹೋಗು' ಎಂಬ ಆಜ್ಞೆಗೆ ಇದು ಇಷ್ಟವಿಲ್ಲ ಎಂದು ಪರದೆಯ ಕೆಳಗೆ ಇಂಗ್ಲಿಷಿನಲ್ಲಿ ಬರುತ್ತಿತ್ತು.

"ಇಷ್ಟವಿಲ್ವಂತೆ!" ಎಂದು ಅವರು ತಮ್ಮಷ್ಟಕ್ಕೆ ಗೊಣಗಿದರು. "ಇಷ್ಟವಿಲ್ಲ ಅನ್ನೋಕೆ ಇದ್ಯಾರು?" ಮತ್ತೆ ಬಡಿದರು, ಮತ್ತೆ ಅದೇ.

ನನ್ನ ನೆರಳು ಕಂಡು ತಿರುಗಿದರು. ಪರದೆಯನ್ನು ಆರಿಸುತ್ತಾರೆ ಎಂದುಕೊಂಡೆ. ಆರಿಸಲಿಲ್ಲ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ನೋಡಮ್ಮಾ, ಪುಸ್ತಕದಲ್ಲಿರೋ ಹಾಗೇ ಹೊಡೀತಾ ಇದೀನಿ. ಬೆಳಗ್ಗೆಯಿಂದ ಕೂತಿದೀನಿ. ಮೂರನೇ ಕ್ಲಾಸಿನ ಮಕ್ಕಳು ಮಾಡ್ತವೆ. ಎಲ್ಲಿ ತಪ್ಪಾಗ್ತಿದೆ? ಸ್ವಲ್ಪ ಹೇಳಿಕೊಡು."

ಇಂಗ್ಲಿಷ್ ಇಲ್ಲ, ಹಿಂದಿ ಇಲ್ಲ, ಬೈಗುಳವೂ ಬುದ್ಧಿವಾದವೂ ಇಲ್ಲ. ಅವರ ಬಾಯಿಂದ ಅಂಥ ಕನ್ನಡವನ್ನು ನಾನು ಅದುವರೆಗೆ ಕೇಳಿರಲಿಲ್ಲ.

ನನ್ನ ಕೈಯಲ್ಲಿ ಕ್ಲಾಸಿನ ಬೀಗದ ಕೈ ಇತ್ತು. ಹಿಂದಿನ ದಿನ ಆ ಹುಡುಗಿ ಝಿಪ್ ಎಳೆದ ಸದ್ದು ಇನ್ನೂ ಕಿವಿಯಲ್ಲಿತ್ತು. ಒಂದು ಅಲ್ಪವಿರಾಮ ತೆಗೆಯಿರಿ ಸರ್ ಎನ್ನಲು ಎಷ್ಟು ಹೊತ್ತು?

"ನನಗೂ ಗೊತ್ತಾಗ್ತಿಲ್ಲ ಸರ್," ಎಂದೆ.

ಬೇಕೆಂದೇ ಹೇಳಿಕೊಡುತ್ತಿಲ್ಲವೆಂದು ತಿಳಿದು ನನ್ನ ಮಾತು ಅವರಿಗೆ ಚುಚ್ಚಬೇಕೆಂದಿತ್ತು. ಆಗಿದ್ದೇ ಬೇರೆ. ಅವರ ಮುಖ ಅರಳಿತು. ಬೆಳಗಿನಿಂದ ಹೊತ್ತಿದ್ದ ಭಾರ ಇಳಿಸಿದವರಂತೆ ಕುರ್ಚಿಗೊರಗಿದರು.

"ನಿಂಗೂ ಗೊತ್ತಿಲ್ವಾ!" ಎಂದರು. "ಡಿಪ್ಲೊಮಾ ಮಾಡಿದೋರಿಗೇ ಗೊತ್ತಿಲ್ಲ ಅಂದ್ಮೇಲೆ..." ಮಾತು ಮುಗಿಸದೆ ಟೈ ಬಿಗಿ ಮಾಡಿಕೊಂಡರು. ಹೂವಿನ ಹೊದಿಕೆಯನ್ನು ಎತ್ತಿ ಕಂಪ್ಯೂಟರಿಗೆ ಹಾಕಿದರು, ಮೂಲೆ ಎಳೆದು ಸರಿಪಡಿಸಿದರು. ಅವರು ಇನ್ನೆಂದೂ ಅದರ ಮುಂದೆ ಕಲಿಯಲು ಕೂರುವುದಿಲ್ಲ ಎಂದು ನನಗೆ ಅಲ್ಲೇ ಗೊತ್ತಾಯಿತು.

ಕೀಲಿಯನ್ನು ಮೇಜಿನ ಮೇಲಿಟ್ಟು, ನಾಳೆಯಿಂದ ಬರುವುದಿಲ್ಲ ಎಂದೆ. ಅವರು ಯಾಕೆಂದು ಕೇಳಲಿಲ್ಲ. ಮೆಟ್ಟಿಲಿಳಿಯುವಾಗ ಗೆದ್ದೆ ಎನಿಸಿತ್ತು. ಮಾರ್ಕೆಟ್ ದಾಟಿ ನಮ್ಮ ಕ್ವಾರ್ಟರ್ಸಿನ ತಿರುವಿಗೆ ಬರುವಷ್ಟರಲ್ಲಿ ಆ ಅನಿಸಿಕೆ ಹೋಗಿತ್ತು. ಆ ಮನುಷ್ಯನ ಮೇಲೆ ನನಗಿರುವ ತಿರಸ್ಕಾರದಲ್ಲಿ ಇಂದಿಗೂ ಒಂದು ಗುಲಗಂಜಿಯೂ ಕಡಿಮೆಯಾಗಿಲ್ಲ. ಆದರೆ ಎರಡು ವರ್ಷದಲ್ಲಿ ಆ ಕೋಣೆಯಲ್ಲಿ ನಿಜವಾಗಿ ಕಲಿಯಬೇಕೆಂದು ನನ್ನನ್ನು ಕೇಳಿದವರು ಇಬ್ಬರೇ. ಒಬ್ಬಳು ಬರೆದದ್ದನ್ನು ಅಳಿಸಿದೆ. ಇನ್ನೊಬ್ಬರಿಗೆ, ಗೊತ್ತಿದ್ದೂ, ಹೇಳಿಕೊಡಲಿಲ್ಲ.